ಹಿನ್ನೆಲೆ ಕಾರ್ಯ (ಗಣಕಯಂತ್ರ)

ಹಿನ್ನೆಲೆ ಕಾರ್ಯ ಎಂದರೆ ಬಳಕೆದಾರರ ಕೀಲಿಮಣೆಯನ್ನು ಹಿಡಿದಿಟ್ಟುಕೊಳ್ಳದೆ ಗಣಕಯಂತ್ರದಲ್ಲಿ ತನ್ನಷ್ಟಕ್ಕೆ ತಾನೇ ನಡೆಯುವ ಕೆಲಸ. ಯುನಿಕ್ಸ್, ಲಿನಕ್ಸ್ ಮತ್ತು ಮ್ಯಾಕ್ ಗಣಕಗಳ ಕಮಾಂಡ್ ಲೈನ್‌ನಲ್ಲಿ, ಅಂದರೆ ಆಜ್ಞೆಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡುವ ಪರದೆಯಲ್ಲಿ, ಇಂತಹ ಕಾರ್ಯಗಳನ್ನು ಆರಂಭಿಸಲು, ಅವುಗಳ ಮೇಲೆ ನಿಗಾ ಇಡಲು ಮತ್ತು ಅವುಗಳನ್ನು ನಿಲ್ಲಿಸಲು ಪ್ರತ್ಯೇಕ ಸಾಧನಗಳಿವೆ. ಗಂಟೆಗಟ್ಟಲೆ ಹಿಡಿಯುವ ಕಡತಗಳ ನಕಲು, ದೊಡ್ಡ ದತ್ತಾಂಶದ ವಿಶ್ಲೇಷಣೆ, ವಿಡಿಯೊ ಪರಿವರ್ತನೆ, ಹಳೆಯ ಪುಸ್ತಕಗಳ ಪುಟಚಿತ್ರಗಳನ್ನು ಪಠ್ಯವಾಗಿಸುವುದು ಮುಂತಾದ ಕೆಲಸಗಳಿಗೆ ಈ ವಿಧಾನ ಬಳಕೆಯಲ್ಲಿದೆ.

ಹಿನ್ನೆಲೆಯಲ್ಲಿ ಕಾರ್ಯವನ್ನು ಆರಂಭಿಸುವುದು ಸುಲಭ. ಒಂದು ಚಿಹ್ನೆ ಸಾಕು. ಅದು ಪೂರ್ತಿಯಾಯಿತೇ, ನಡುವೆ ನಿಂತಿತೇ ಎಂಬುದನ್ನು ಆಮೇಲೆ ಖಚಿತವಾಗಿ ತಿಳಿಯುವುದು ಕಷ್ಟದ ಭಾಗ. ಆದ್ದರಿಂದ ಕಾರ್ಯವನ್ನು ಟರ್ಮಿನಲ್‌ನಿಂದ ಬಿಡಿಸುವುದು, ಅದರ ದಾಖಲೆಯನ್ನು ಉಳಿಸುವುದು ಮತ್ತು ಮುಕ್ತಾಯವನ್ನು ಪರೀಕ್ಷಿಸುವುದು ಈ ಮೂರೂ ಹಿನ್ನೆಲೆ ಕಾರ್ಯದ ಅವಿಭಾಜ್ಯ ಅಂಗಗಳು.

ಈ ಲೇಖನದಲ್ಲಿ ಆಜ್ಞೆಗಳ ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಗಣಕದಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಪರಿಕಲ್ಪನೆ

ಕಮಾಂಡ್ ಲೈನ್‌ನಲ್ಲಿ ಬಳಕೆದಾರರ ಆಜ್ಞೆಯನ್ನು ಓದಿ ನಡೆಸಿಕೊಡುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಸಾಮಾನ್ಯವಾಗಿ ಶೆಲ್ ಒಂದು ಆಜ್ಞೆ ಮುಗಿಯುವವರೆಗೆ ಕಾಯುತ್ತದೆ. ಆಮೇಲೆ ಮಾತ್ರ ಮುಂದಿನ ಆಜ್ಞೆಯನ್ನು ಸ್ವೀಕರಿಸುತ್ತದೆ. ಹೀಗೆ ನಡೆಯುವುದು ಮುನ್ನೆಲೆ ಕಾರ್ಯ. ಶೆಲ್ ಕಾಯದೆ ಕೂಡಲೇ ಮುಂದಿನ ಆಜ್ಞೆಗೆ ಸಿದ್ಧವಾದರೆ ಹಿಂದಿನದು ಹಿನ್ನೆಲೆ ಕಾರ್ಯವಾಗುತ್ತದೆ. ಎರಡರಲ್ಲಿಯೂ ನಡೆಯುವ ಕೆಲಸ ಒಂದೇ. ಶೆಲ್ ಕಾಯುತ್ತದೆಯೇ ಇಲ್ಲವೇ ಎಂಬುದಷ್ಟೇ ವ್ಯತ್ಯಾಸ. ಹಿನ್ನೆಲೆಗೆ ಕಳುಹಿಸಿದ ಮಾತ್ರಕ್ಕೆ ಕೆಲಸ ಬೇಗ ಮುಗಿಯುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡುವ ಪದ್ಧತಿಯಿದೆ. ಕಾಯಿ ತಾನಾಗಿಯೇ ಒಣಗುತ್ತದೆ. ಮನೆಯವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಆದರೆ ಒಡೆಯುವ ಮೊದಲು ಕಾಯಿಯನ್ನು ಅಲ್ಲಾಡಿಸಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೇ ಎಂದು ಸದ್ದಿನಿಂದ ತಿಳಿಯುತ್ತಾರೆ. ಹಿನ್ನೆಲೆ ಕಾರ್ಯವೂ ಹಾಗೆಯೇ. ಅದರ ಪಕ್ಕದಲ್ಲಿ ಕೂರಬೇಕಾಗಿಲ್ಲ, ಆದರೆ ಅದರ ಸ್ಥಿತಿಯನ್ನು ಹೊರಗಿನಿಂದ ತಿಳಿಯುವ ಉಪಾಯ ಇರಲೇಬೇಕು.

ನಡೆಯುತ್ತಿರುವ ಪ್ರತಿಯೊಂದು ತಂತ್ರಾಂಶವನ್ನು ಪ್ರಕ್ರಿಯೆ ಎನ್ನುತ್ತಾರೆ. ಕಾರ್ಯಾಚರಣ ವ್ಯವಸ್ಥೆ ಪ್ರತಿ ಪ್ರಕ್ರಿಯೆಗೂ ಒಂದು ಸಂಖ್ಯೆಯನ್ನು ಕೊಡುತ್ತದೆ. ಇದನ್ನು ಪಿಐಡಿ ಎಂದು ಕರೆಯುವುದು ರೂಢಿ. ಪ್ರಕ್ರಿಯೆಯನ್ನು ಹುಡುಕುವುದಕ್ಕೂ ನಿಲ್ಲಿಸುವುದಕ್ಕೂ ಈ ಸಂಖ್ಯೆಯೇ ಆಧಾರ.

ಇತಿಹಾಸ

ಯುನಿಕ್ಸ್ ವ್ಯವಸ್ಥೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಸಂಗಡಿಗರು 1969ರಿಂದ ರೂಪಿಸಿದರು. ಥಾಂಪ್ಸನ್ ಬರೆದ ಮೊದಲ ಶೆಲ್‌ನಲ್ಲಿಯೇ ಆಜ್ಞೆಯ ಕೊನೆಗೆ & ಚಿಹ್ನೆ ಇಟ್ಟರೆ ಕಾರ್ಯ ಹಿನ್ನೆಲೆಗೆ ಹೋಗುವ ಏರ್ಪಾಡು ಇತ್ತು. ಆ ಕಾಲದಲ್ಲಿ ಬಳಕೆದಾರರು ದೂರವಾಣಿ ತಂತಿಯ ಮೂಲಕವೂ ಗಣಕಕ್ಕೆ ಸಂಪರ್ಕ ಪಡೆಯುತ್ತಿದ್ದರು. ಕರೆ ಕಡಿದುಹೋದಾಗ ವ್ಯವಸ್ಥೆಯು ಆ ಬಳಕೆದಾರರ ಪ್ರಕ್ರಿಯೆಗಳಿಗೆ ‘ಹ್ಯಾಂಗಪ್’ ಎಂಬ ಸಂಕೇತವನ್ನು ಕಳುಹಿಸಿ ಅವುಗಳನ್ನು ಮುಗಿಸುತ್ತಿತ್ತು. ದೂರವಾಣಿಯ ರಿಸೀವರ್ ಕೆಳಗಿಡುವುದರಿಂದ ಬಂದ ಆ ಹೆಸರು ಇಂದಿಗೂ ಉಳಿದಿದೆ.

ಒಮ್ಮೆ ಆರಂಭಿಸಿದ ಕಾರ್ಯವನ್ನು ತಡೆದು, ಮುನ್ನೆಲೆಯಿಂದ ಹಿನ್ನೆಲೆಗೆ ಮತ್ತು ಹಿನ್ನೆಲೆಯಿಂದ ಮುನ್ನೆಲೆಗೆ ಬದಲಾಯಿಸುವ ಸೌಲಭ್ಯ ಬಂದದ್ದು ಆಮೇಲೆ. ಆಸ್ಟ್ರಿಯದ ಅಂತರರಾಷ್ಟ್ರೀಯ ವ್ಯವಸ್ಥಾ ವಿಶ್ಲೇಷಣ ಸಂಸ್ಥೆಯಲ್ಲಿದ್ದ ಜಿಮ್ ಕಲ್ಪ್ ಅವರ ಕೆಲಸವನ್ನು ಆಧರಿಸಿ ಇದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಯುನಿಕ್ಸ್‌ಗೆ 1980ರ ವೇಳೆಗೆ ಸೇರಿತು. 1987ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ‘ಸ್ಕ್ರೀನ್’ ತಂತ್ರಾಂಶವನ್ನು ಬರೆದರು. ಅದೇ ಉದ್ದೇಶದ ‘ಟಿಮಕ್ಸ್’ ಅನ್ನು ನಿಕೊಲಸ್ ಮ್ಯಾರಿಯಟ್ 2007ರಲ್ಲಿ ಹೊರತಂದರು. ಇಂದು ಲಿನಕ್ಸ್‌ನಲ್ಲಿ ವ್ಯಾಪಕವಾಗಿರುವ ಬ್ಯಾಷ್ ಶೆಲ್ 1989ರಲ್ಲಿಯೂ, ಸೇವೆಗಳನ್ನು ನಿರ್ವಹಿಸುವ ‘ಸಿಸ್ಟಂ-ಡಿ’ 2010ರಲ್ಲಿಯೂ ಬಂದವು.

ಆರಂಭಿಸುವ ವಿಧಾನ

ಆಜ್ಞೆಯ ಕೊನೆಗೆ & ಚಿಹ್ನೆ ಸೇರಿಸುವುದು ಸರಳ ವಿಧಾನ. ಆಗ ಶೆಲ್ ಪರದೆಯ ಮೇಲೆ ಎರಡು ಸಂಖ್ಯೆಗಳನ್ನು ತೋರಿಸುತ್ತದೆ. ಚೌಕ ಆವರಣದೊಳಗೆ ಇರುವುದು ಆ ಶೆಲ್‌ನ ಕಾರ್ಯಸಂಖ್ಯೆ. ಅದರ ಮುಂದೆ ಇರುವುದು ಇಡೀ ಗಣಕಕ್ಕೆ ಅನ್ವಯಿಸುವ ಪಿಐಡಿ.

ಮುನ್ನೆಲೆಯಲ್ಲಿ ಈಗಾಗಲೇ ಆರಂಭವಾದ ಕಾರ್ಯ ನಿರೀಕ್ಷೆಗಿಂತ ಹೆಚ್ಚು ಹೊತ್ತು ಹಿಡಿದರೆ ಅದನ್ನು ರದ್ದುಮಾಡಬೇಕಾಗಿಲ್ಲ. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತಾತ್ಕಾಲಿಕವಾಗಿ ನಿಲ್ಲುತ್ತದೆ. ಆಮೇಲೆ ‘ಬಿಜಿ’ ಎಂಬ ಆಜ್ಞೆ ಕೊಟ್ಟರೆ ಹಿನ್ನೆಲೆಯಲ್ಲಿ ಮುಂದುವರಿಯುತ್ತದೆ; ‘ಎಫ್‌ಜಿ’ ಕೊಟ್ಟರೆ ಮುನ್ನೆಲೆಗೆ ಮರಳುತ್ತದೆ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತುವುದು ಇದಕ್ಕಿಂತ ಭಿನ್ನ. ಅದು ಸಾಮಾನ್ಯವಾಗಿ ಕಾರ್ಯವನ್ನು ಕೊನೆಗೊಳಿಸುತ್ತದೆ. ಹೊಸಬರು ಈ ಎರಡನ್ನು ಅದಲುಬದಲು ಮಾಡಿಕೊಳ್ಳುವುದುಂಟು. ಕಂಟ್ರೋಲ್-ಝಡ್ ಒತ್ತಿ ‘ಬಿಜಿ’ ಕೊಡಲು ಮರೆಯುವುದೂ ಸಾಮಾನ್ಯ. ಆಗ ಕಾರ್ಯ ಸಾಗುತ್ತಿದೆ ಎಂದು ಬಳಕೆದಾರರು ಭಾವಿಸಿದ್ದರೂ ಅದು ನಿಂತಲ್ಲೇ ನಿಂತಿರುತ್ತದೆ.

ಹಿನ್ನೆಲೆಯ ಕಾರ್ಯ ಕೀಲಿಮಣೆಯಿಂದ ಉತ್ತರವನ್ನು ಅಪೇಕ್ಷಿಸುವಂತಿರಬಾರದು. ‘ಈ ಕಡತದ ಮೇಲೆ ಬರೆಯಬಹುದೇ’ ಎಂಬಂತಹ ಪ್ರಶ್ನೆಗೆ ಉತ್ತರ ಓದಲು ಅದು ಪ್ರಯತ್ನಿಸಿದ ಕೂಡಲೇ ವ್ಯವಸ್ಥೆ ಅದನ್ನು ತಡೆದು ನಿಲ್ಲಿಸುತ್ತದೆ. ಅಂತಹ ಉತ್ತರಗಳನ್ನು ಆರಂಭದಲ್ಲಿಯೇ ಆಜ್ಞೆಯ ಆಯ್ಕೆಗಳಾಗಿ ಕೊಟ್ಟಿರಬೇಕು.

ಟರ್ಮಿನಲ್‌ನಿಂದ ಬಿಡಿಸುವುದು

& ಚಿಹ್ನೆ ಹಾಕಿದ ಕಾರ್ಯವೂ ತಾನು ಹುಟ್ಟಿದ ಟರ್ಮಿನಲ್‌ಗೆ ಸೇರಿದ್ದಾಗಿಯೇ ಉಳಿಯುತ್ತದೆ. ಟರ್ಮಿನಲ್‌ನ ಕಿಟಕಿಯನ್ನು ಮುಚ್ಚಿದರೆ, ಅಥವಾ ದೂರದ ಗಣಕಕ್ಕೆ ಇದ್ದ ಜಾಲಸಂಪರ್ಕ ಕಡಿದರೆ, ಹ್ಯಾಂಗಪ್ ಸಂಕೇತ ಬಂದು ಕಾರ್ಯ ಅರ್ಧಕ್ಕೇ ಮುಗಿಯಬಹುದು. ಇದನ್ನು ತಪ್ಪಿಸಲು ಹಲವು ದಾರಿಗಳಿವೆ.

ಮೊದಲನೆಯದು ‘ನೋಹಪ್’. ಹ್ಯಾಂಗಪ್ ಬೇಡ ಎಂಬುದೇ ಇದರ ಹೆಸರಿನ ಅರ್ಥ; ಅಕ್ಷರಗಳು ಎನ್, ಓ, ಎಚ್, ಯು, ಪಿ. ನಡೆಸಬೇಕಾದ ಆಜ್ಞೆಯ ಹಿಂದೆ ಇದನ್ನು ಸೇರಿಸಿದರೆ ಆ ಪ್ರಕ್ರಿಯೆ ಹ್ಯಾಂಗಪ್ ಸಂಕೇತವನ್ನು ಲಕ್ಷಿಸುವುದಿಲ್ಲ. ಪರದೆಗೆ ಬರಬೇಕಾಗಿದ್ದ ಸಂದೇಶಗಳನ್ನು ಬೇರೆಡೆಗೆ ತಿರುಗಿಸದಿದ್ದರೆ ಅವು ‘ನೋಹಪ್.ಔಟ್’ ಎಂಬ ಕಡತದ ಕೊನೆಗೆ ಸೇರುತ್ತ ಹೋಗುತ್ತವೆ. ನೋಹಪ್ ತಾನಾಗಿಯೇ ಕಾರ್ಯವನ್ನು ಹಿನ್ನೆಲೆಗೆ ಒಯ್ಯುವುದಿಲ್ಲ; ಕೊನೆಗೆ & ಚಿಹ್ನೆ ಬೇಕೇ ಬೇಕು.

ಆರಂಭಿಸುವಾಗ ನೋಹಪ್ ಹಾಕಲು ಮರೆತಿದ್ದರೆ ಬ್ಯಾಷ್ ಶೆಲ್‌ನ ‘ಡಿಸ್‌ಓನ್’ ಆಜ್ಞೆ ನೆರವಿಗೆ ಬರುತ್ತದೆ. ಇದು ಕಾರ್ಯವನ್ನು ಶೆಲ್‌ನ ಪಟ್ಟಿಯಿಂದ ತೆಗೆದುಹಾಕುವುದರಿಂದ ಶೆಲ್ ಅದಕ್ಕೆ ಹ್ಯಾಂಗಪ್ ಕಳುಹಿಸುವುದಿಲ್ಲ. ಆದರೆ ಅದರ ಸಂದೇಶಗಳು ಹಳೆಯ ಟರ್ಮಿನಲ್‌ನತ್ತಲೇ ಹೋಗುತ್ತಿರುವುದರಿಂದ, ಅದು ಮುಚ್ಚಿದ ಮೇಲೆ ಅವು ಸಿಗುವುದಿಲ್ಲ.

ಸ್ಕ್ರೀನ್ ಮತ್ತು ಟಿಮಕ್ಸ್ ಇನ್ನೊಂದು ಬಗೆಯವು. ಇವು ಗಣಕದೊಳಗೇ ಒಂದು ಕಾಲ್ಪನಿಕ ಟರ್ಮಿನಲ್ ಸೃಷ್ಟಿಸುತ್ತವೆ. ಬಳಕೆದಾರರು ಅದರಿಂದ ಹೊರಬಂದು, ಬೇಕಾದಾಗ ಅದೇ ಗಣಕದಿಂದಲೋ ಜಾಲದ ಮೂಲಕ ಬೇರೆ ಊರಿನಿಂದಲೋ ಮತ್ತೆ ಸೇರಿಕೊಂಡು, ಬಿಟ್ಟಲ್ಲಿಂದಲೇ ಪರದೆಯನ್ನು ನೋಡಬಹುದು. ನಡುನಡುವೆ ಪ್ರಶ್ನೆ ಕೇಳುವ ತಂತ್ರಾಂಶಗಳಿಗೆ ಈ ವಿಧಾನವೇ ಸೂಕ್ತ.

ನಿತ್ಯ ನಡೆಯಬೇಕಾದ ಕಾರ್ಯಗಳಿಗೆ ಬೇರೆ ವ್ಯವಸ್ಥೆಗಳಿವೆ. ನಿಗದಿತ ಹೊತ್ತಿಗೆ ಕೆಲಸ ಆರಂಭಿಸಲು ‘ಕ್ರಾನ್’, ಗಣಕ ಚಾಲೂ ಆದಾಗಲೆಲ್ಲ ನಡೆಯಬೇಕಾದ ಸೇವೆಗಳಿಗೆ ಸಿಸ್ಟಂ-ಡಿ ಬಳಕೆಯಾಗುತ್ತವೆ. ಯಾವ ಟರ್ಮಿನಲ್‌ಗೂ ಸೇರದೆ ಸದಾ ನಡೆಯುವ ಇಂತಹ ಪ್ರಕ್ರಿಯೆಯನ್ನು ‘ಡೀಮನ್’ ಎನ್ನುತ್ತಾರೆ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ಎಡೆಬಿಡದೆ ಬೇರ್ಪಡಿಸುವ ಭೂತದಿಂದ ಈ ಹೆಸರನ್ನು 1960ರ ದಶಕದಲ್ಲಿ ಎಂಐಟಿಯ ಗಣಕತಜ್ಞರು ತೆಗೆದುಕೊಂಡರು.

ದಾಖಲೆ ಕಡತ

ಕಣ್ಣಮುಂದೆ ಇಲ್ಲದ ಕಾರ್ಯದ ಬಗ್ಗೆ ಆಮೇಲೆ ಸಾಕ್ಷಿ ಹೇಳುವುದು ಅದರ ದಾಖಲೆ ಕಡತ, ಅಂದರೆ ಲಾಗ್. ಪ್ರತಿ ಪ್ರಕ್ರಿಯೆಗೂ ಎರಡು ಹೊರದಾರಿಗಳಿವೆ. ಒಂದನೆಯದರಲ್ಲಿ ಸಾಮಾನ್ಯ ಫಲಿತಾಂಶವೂ ಎರಡನೆಯದರಲ್ಲಿ ದೋಷಸಂದೇಶಗಳೂ ಬರುತ್ತವೆ. > ಚಿಹ್ನೆ ಮೊದಲನೆಯದನ್ನು ಮಾತ್ರ ಕಡತಕ್ಕೆ ತಿರುಗಿಸುತ್ತದೆ. ಎರಡನ್ನೂ ಒಂದೇ ಕಡತಕ್ಕೆ ಸೇರಿಸಲು ಕಡತದ ಹೆಸರಿನ ನಂತರ 2>&1 ಎಂದು ಬರೆಯಬೇಕು. ಈ ಕ್ರಮ ಹಿಂದುಮುಂದಾದರೆ ದೋಷಸಂದೇಶಗಳು ಕಡತಕ್ಕೆ ಹೋಗುವುದಿಲ್ಲ. ತಪ್ಪು ನಡೆದಾಗ ಬೇಕಾಗುವುದು ಆ ಸಂದೇಶಗಳೇ. ಒಂದೇ > ಚಿಹ್ನೆ ಹಳೆಯ ಕಡತವನ್ನು ಅಳಿಸಿ ಹೊಸದಾಗಿ ಬರೆಯುತ್ತದೆ, ಎರಡು >> ಚಿಹ್ನೆಗಳು ಹಳೆಯದರ ಕೊನೆಗೆ ಸೇರಿಸುತ್ತವೆ ಎಂಬುದನ್ನೂ ನೆನಪಿನಲ್ಲಿಡಬೇಕು.

ನಿಗಾ ಇಡುವುದು

‘ಜಾಬ್ಸ್’ ಆಜ್ಞೆ ಆಯಾ ಶೆಲ್‌ನಿಂದ ಆರಂಭವಾದ ಕಾರ್ಯಗಳನ್ನು ಮಾತ್ರ ಪಟ್ಟಿಮಾಡುತ್ತದೆ. ಹೊಸ ಕಿಟಕಿ ತೆರೆದು ಇದನ್ನು ಕೊಟ್ಟರೆ ಪಟ್ಟಿ ಖಾಲಿಯಾಗಿರುತ್ತದೆ. ಅದರಿಂದ ಕಾರ್ಯ ನಿಂತಿದೆ ಎಂದು ತೀರ್ಮಾನಿಸುವುದು ತಪ್ಪು. ಇಡೀ ಗಣಕದ ಪ್ರಕ್ರಿಯೆಗಳನ್ನು ನೋಡಲು ‘ಪಿಎಸ್’, ಹೆಸರಿನಿಂದ ಪಿಐಡಿ ಹುಡುಕಲು ‘ಪಿಗ್ರೆಪ್’, ಕ್ಷಣಕ್ಷಣದ ಬಳಕೆಯನ್ನು ನೋಡಲು ‘ಟಾಪ್’ ಅಥವಾ ‘ಎಚ್‌ಟಾಪ್’ ಉಪಯೋಗಿಸುತ್ತಾರೆ. ‘ಟೈಲ್’ ಆಜ್ಞೆಗೆ -ಎಫ್ ಆಯ್ಕೆ ಕೊಟ್ಟರೆ ದಾಖಲೆ ಕಡತಕ್ಕೆ ಸೇರುವ ಹೊಸ ಸಾಲುಗಳು ಪರದೆಯ ಮೇಲೆ ಬರುತ್ತ ಹೋಗುತ್ತವೆ. ಇದನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೂ ಮೂಲ ಕಾರ್ಯಕ್ಕೆ ತೊಂದರೆಯಾಗುವುದಿಲ್ಲ.

ಪಿಎಸ್ ಮತ್ತು ಟಾಪ್ ಪ್ರಕ್ರಿಯೆಯ ಸ್ಥಿತಿಯನ್ನು ಒಂದು ರೋಮನ್ ಅಕ್ಷರದಿಂದ ಸೂಚಿಸುತ್ತವೆ. ಲಿನಕ್ಸ್‌ನಲ್ಲಿ ಅವುಗಳ ಅರ್ಥ ಹೀಗಿದೆ:

ಆರ್: ನಡೆಯುತ್ತಿದೆ, ಅಥವಾ ಸರದಿಗಾಗಿ ಸಿದ್ಧವಾಗಿದೆ.
ಎಸ್: ಯಾವುದೋ ಘಟನೆಗಾಗಿ ಕಾಯುತ್ತಿದೆ, ಇದು ಸಹಜ ಸ್ಥಿತಿ.
ಡಿ: ಡಿಸ್ಕ್ ಮುಂತಾದ ಸಾಧನದ ಉತ್ತರಕ್ಕಾಗಿ ತಡೆಯಲಾಗದಂತೆ ಕಾಯುತ್ತಿದೆ.
ಟಿ: ತಡೆದು ನಿಲ್ಲಿಸಲಾಗಿದೆ.
ಝಡ್: ಮುಗಿದಿದೆ, ಆದರೆ ಅದರ ಮುಕ್ತಾಯವನ್ನು ಮೂಲ ಪ್ರಕ್ರಿಯೆ ಇನ್ನೂ ಗಮನಿಸಿಲ್ಲ.

ಹಿನ್ನೆಲೆಯ ಭಾರೀ ಕೆಲಸದಿಂದ ಗಣಕ ನಿಧಾನವಾಗದಂತೆ, ಅದನ್ನು ‘ನೈಸ್’ ಆಜ್ಞೆಯೊಂದಿಗೆ ಆರಂಭಿಸಿ ಅದರ ಆದ್ಯತೆಯನ್ನು ತಗ್ಗಿಸಬಹುದು. ಲಿನಕ್ಸ್‌ನಲ್ಲಿ ಈ ಮಾನ -20ರಿಂದ 19ರವರೆಗೆ ಇರುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಆದ್ಯತೆ ಕಡಿಮೆ.

ನಿಲ್ಲಿಸುವುದು ಮತ್ತು ಮುಕ್ತಾಯದ ಸಂಖ್ಯೆ

‘ಕಿಲ್’ ಆಜ್ಞೆ ಪಿಐಡಿಗೆ ಸಂಕೇತವನ್ನು ಕಳುಹಿಸುತ್ತದೆ. ಬೇರೇನೂ ಹೇಳದಿದ್ದರೆ ಹೋಗುವುದು 15ನೆಯ ಸಂಕೇತ. ಇದು ಕೆಲಸವನ್ನು ಮುಗಿಸುವಂತೆ ಮಾಡುವ ಕೋರಿಕೆ. ಪ್ರಕ್ರಿಯೆಗೆ ತನ್ನ ಕಡತಗಳನ್ನು ಸರಿಪಡಿಸಿಕೊಂಡು ಮುಗಿಯಲು ಅವಕಾಶ ಸಿಗುತ್ತದೆ. 9ನೆಯ ಸಂಕೇತಕ್ಕೆ ತಡೆಯೇ ಇಲ್ಲ. ಪ್ರಕ್ರಿಯೆ ಬರೆಯುತ್ತಿದ್ದ ಕಡತ ಅರ್ಧವಾಗಿಯೇ ಉಳಿಯಬಹುದು. ಆದ್ದರಿಂದ ಮೊದಲು 15, ಸ್ವಲ್ಪ ಕಾದ ಮೇಲೂ ನಿಲ್ಲದಿದ್ದರೆ ಮಾತ್ರ 9 ಎಂಬುದು ಸರಿಯಾದ ಕ್ರಮ.

ಮುಗಿದ ಪ್ರತಿಯೊಂದು ಪ್ರಕ್ರಿಯೆಯೂ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. 0 ಎಂದರೆ ಯಶಸ್ಸು; ಬೇರೆ ಸಂಖ್ಯೆ ಸಾಮಾನ್ಯವಾಗಿ ದೋಷ. ಸಂಕೇತದಿಂದ ಕೊನೆಗೊಂಡಿದ್ದರೆ ಬ್ಯಾಷ್ ಶೆಲ್ ಆ ಸಂಕೇತಕ್ಕೆ 128 ಸೇರಿಸಿ ತೋರಿಸುತ್ತದೆ. ಹೀಗಾಗಿ 143 ಕಂಡರೆ 15ನೆಯ ಸಂಕೇತದಿಂದ, 137 ಕಂಡರೆ 9ನೆಯ ಸಂಕೇತದಿಂದ ಮುಗಿದಿದೆ ಎಂದು ತಿಳಿಯಬಹುದು. ಗಣಕದ ಸ್ಮೃತಿ ಸಾಲದೆ ಲಿನಕ್ಸ್ ತಾನೇ ಪ್ರಕ್ರಿಯೆಯನ್ನು ಕೊನೆಗೊಳಿಸಿದಾಗಲೂ 137 ಕಾಣಿಸಿಕೊಳ್ಳುತ್ತದೆ. ಹಿನ್ನೆಲೆ ಕಾರ್ಯದ ಈ ಸಂಖ್ಯೆಯನ್ನು ‘ವೇಟ್’ ಆಜ್ಞೆಯಿಂದ ಪಡೆಯಬಹುದು, ಅಥವಾ ಅದನ್ನು ಲಾಗ್‌ಗೆ ಬರೆಯುವಂತೆ ಆಜ್ಞಾಪಟ್ಟಿಯಲ್ಲಿಯೇ ಏರ್ಪಡಿಸಬಹುದು. ಪಟ್ಟಿಯಲ್ಲಿ ಪ್ರಕ್ರಿಯೆ ಕಾಣುತ್ತಿಲ್ಲ ಎಂಬುದು ಅದು ಮುಗಿದಿದೆ ಎನ್ನುವುದನ್ನಷ್ಟೇ ಹೇಳುತ್ತದೆ, ಯಶಸ್ವಿಯಾಗಿದೆ ಎಂದಲ್ಲ.

ಉದಾಹರಣೆ: ಶಾಸನ ಸಂಪುಟದ ಪಠ್ಯೀಕರಣ

ಬಿ.ಎಲ್. ರೈಸ್ ಅವರು 1886ರಿಂದ 1904ರವರೆಗೆ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 12ನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದದ್ದು. ತುರುವೇಕೆರೆಯ ಹೊಯ್ಸಳ ದೇವಾಲಯಗಳು, ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಮುಂತಾದ ಸ್ಥಳಗಳ ಚರಿತ್ರೆಯನ್ನು ಅಭ್ಯಸಿಸುವವರಿಗೆ ಇದು ಮೂಲ ಆಕರ. ಇಂತಹ ಸಂಪುಟದ ಪುಟಚಿತ್ರಗಳಿದ್ದರೆ ಅವುಗಳನ್ನು ಹುಡುಕಲು ಬರುವ ಪಠ್ಯವಾಗಿಸಲು ‘ಟೆಸರಾಕ್ಟ್’ ಎಂಬ ಮುಕ್ತ ತಂತ್ರಾಂಶವನ್ನು ಬಳಸಬಹುದು. ಎಚ್‌ಪಿ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಇದಕ್ಕೆ ಕನ್ನಡವನ್ನು ಓದಲು ಬರುತ್ತದೆ.

ಪುಟಕ್ಕೆ 20 ಸೆಕೆಂಡು ಎಂದು ಇಟ್ಟುಕೊಂಡರೆ 600 ಪುಟಗಳಿಗೆ 3 ಗಂಟೆ 20 ನಿಮಿಷ ಬೇಕು. ಇದು ಹಿನ್ನೆಲೆಗೆ ತಕ್ಕ ಕೆಲಸ. 600 ಆಜ್ಞೆಗಳನ್ನೂ & ಚಿಹ್ನೆಯೊಂದಿಗೆ ಒಟ್ಟಿಗೆ ಆರಂಭಿಸಿದರೆ ಸ್ಮೃತಿ ಸಾಲದೆ ಗಣಕ ಸ್ತಬ್ಧವಾಗಬಹುದು. ಅದಕ್ಕೆ ಬದಲು ಪುಟಗಳನ್ನು ಒಂದಾದ ಮೇಲೊಂದರಂತೆ ಓದಿಸುವ ಚಿಕ್ಕ ಆಜ್ಞಾಪಟ್ಟಿಯೊಂದನ್ನು ಬರೆದು, ಅದನ್ನು ನೋಹಪ್ ಮತ್ತು & ಜೊತೆಗೆ ನಡೆಸುವುದು ಉತ್ತಮ. ಆ ಪಟ್ಟಿ ಈ ಕ್ರಮವನ್ನು ಅನುಸರಿಸಬೇಕು:

1. ಪುಟಚಿತ್ರಗಳಿಗೆ 001, 002 ಎಂಬಂತೆ ಸಮ ಉದ್ದದ ಸಂಖ್ಯೆಗಳನ್ನು ಕೊಡುವುದು.
2. ಒಂದು ಪುಟದ ಪಠ್ಯ ಈಗಾಗಲೇ ಇದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು.
3. ಪಠ್ಯವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಕ್ತಾಯದ ಸಂಖ್ಯೆ 0 ಆಗಿದ್ದರೆ ಮಾತ್ರ ಅಂತಿಮ ಹೆಸರು ಕೊಡುವುದು.
4. ಪ್ರತಿ ಪುಟದ ಸಂಖ್ಯೆ, ವೇಳೆ ಮತ್ತು ಮುಕ್ತಾಯದ ಸಂಖ್ಯೆಯನ್ನು ಲಾಗ್‌ಗೆ ಸೇರಿಸುವುದು.
5. ಕೊನೆಯಲ್ಲಿ ಚಿತ್ರಗಳ ಸಂಖ್ಯೆಯನ್ನೂ ಪಠ್ಯಕಡತಗಳ ಸಂಖ್ಯೆಯನ್ನೂ ಎಣಿಸಿ ತಾಳೆನೋಡುವುದು. ಖಾಲಿ ಕಡತಗಳಿವೆಯೇ ಎಂದು ಹುಡುಕುವುದು.

ಎರಡನೆಯ ಮತ್ತು ಮೂರನೆಯ ಹಂತಗಳಿಗೆ ವಿಶೇಷ ಮಹತ್ತ್ವವಿದೆ. ನೋಹಪ್ ಆಗಲಿ ಟಿಮಕ್ಸ್ ಆಗಲಿ ಟರ್ಮಿನಲ್ ಮುಚ್ಚಿದಾಗ ಕಾಪಾಡುತ್ತವೆಯೇ ಹೊರತು ವಿದ್ಯುತ್ ಹೋದಾಗ ಅಲ್ಲ. ಗಣಕ ಆರಿದರೆ ಎಲ್ಲ ಪ್ರಕ್ರಿಯೆಗಳೂ ಮುಗಿದಂತೆ. ವಿದ್ಯುತ್ ಪೂರೈಕೆ ಖಚಿತವಿಲ್ಲದ ಊರುಗಳಲ್ಲಿ ಕಾರ್ಯವನ್ನು ನಿಲ್ಲದಂತೆ ಮಾಡುವುದಕ್ಕಿಂತ, ನಿಂತರೆ ಬಿಟ್ಟಲ್ಲಿಂದ ಮುಂದುವರಿಯುವಂತೆ ರೂಪಿಸುವುದು ಹೆಚ್ಚು ಪ್ರಯೋಜನಕರ. ಮೇಲಿನ ಕ್ರಮದಲ್ಲಿ ಬರೆದ ಆಜ್ಞಾಪಟ್ಟಿಯನ್ನು ಮತ್ತೆ ಆರಂಭಿಸಿದರೆ, ಮುಗಿದ ಪುಟಗಳನ್ನು ದಾಟಿ ಉಳಿದವನ್ನು ಕೈಗೆತ್ತಿಕೊಳ್ಳುತ್ತದೆ. ಲ್ಯಾಪ್‌ಟಾಪ್‌ನ ಮುಚ್ಚಳ ಹಾಕಿದಾಗ ಗಣಕ ನಿದ್ರಾಸ್ಥಿತಿಗೆ ಹೋಗಿ ಕಾರ್ಯ ತಡೆಯುವುದೂ ಉಂಟು. ರಾತ್ರಿ ನಡೆಸುವ ಮೊದಲು ಆ ಏರ್ಪಾಡನ್ನು ಬದಲಾಯಿಸಿಕೊಳ್ಳಬೇಕು.

ಅರ್ಧ ಬರೆದ ಕಡತ ಹೊರನೋಟಕ್ಕೆ ಪೂರ್ಣ ಕಡತದಂತೆಯೇ ಇರುತ್ತದೆ. ಅಂತಹ ಒಂದು ಪುಟ ಗಮನಕ್ಕೆ ಬಾರದೆ ಉಳಿದರೆ, ಆಮೇಲೆ ಊರಿನ ಹೆಸರು ಹಾಕಿ ಹುಡುಕಿದ ವಿದ್ಯಾರ್ಥಿಗೆ ಆ ಊರಿನ ಶಾಸನವೇ ಇಲ್ಲವೆಂಬ ಉತ್ತರ ಸಿಗುತ್ತದೆ. ಶಾಸನ ಕಲ್ಲಿನ ಮೇಲೆಯೂ ಮುದ್ರಿತ ಸಂಪುಟದಲ್ಲಿಯೂ ಇರುತ್ತದೆ, ಪಠ್ಯದಲ್ಲಿ ಮಾತ್ರ ಇರುವುದಿಲ್ಲ. ಎಣಿಕೆ ಮತ್ತು ತಾಳೆಯ ಹಂತವನ್ನು ಬಿಡಬಾರದೆಂಬುದಕ್ಕೆ ಇದೇ ಕಾರಣ.

ಕಾರ್ಯ ಯಶಸ್ವಿಯಾಗಿ ಮುಗಿದರೂ ಪಠ್ಯ ಶುದ್ಧವಾಗಿದೆ ಎಂದು ಅರ್ಥವಲ್ಲ. ಹಳಗನ್ನಡ ಶಾಸನಗಳಲ್ಲಿ ಬರುವ ಱ, ೞ ಅಕ್ಷರಗಳನ್ನೂ ಹಳೆಯ ಅಚ್ಚಿನ ಒತ್ತಕ್ಷರಗಳನ್ನೂ ಯಂತ್ರ ತಪ್ಪಾಗಿ ಓದುವ ಸಂಭವ ಹೆಚ್ಚು. ಮುಕ್ತಾಯದ ಸಂಖ್ಯೆ ಇದನ್ನು ತಿಳಿಸಲಾರದು. ಮೂಲ ಪುಟದೊಂದಿಗೆ ಹೋಲಿಸಿ ಕರಡು ತಿದ್ದುವ ಕೆಲಸ ಮನುಷ್ಯರದೇ.

ಕನ್ನಡದ ಕಡತನಾಮಗಳು

ಲಿನಕ್ಸ್‌ನಲ್ಲಿ ಕಡತಗಳಿಗೆ ಕನ್ನಡದಲ್ಲಿ ಹೆಸರಿಡಬಹುದು. ಆದರೆ ಟರ್ಮಿನಲ್ ಪರದೆಯನ್ನು ಸಮಾನ ಅಗಲದ ಮನೆಗಳಾಗಿ ವಿಂಗಡಿಸುವುದರಿಂದ, ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳೂ ಸ್ವರಚಿಹ್ನೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಇದು ತೋರಿಕೆಯ ದೋಷ ಮಾತ್ರ. ಕಡತದೊಳಗಿನ ಪಠ್ಯ ಕೆಟ್ಟಿರುವುದಿಲ್ಲ. ಕಡತನಾಮದಲ್ಲಿ ಖಾಲಿ ಜಾಗವಿದ್ದರೆ ಶೆಲ್ ಅದನ್ನು ಎರಡು ಹೆಸರುಗಳೆಂದು ತಿಳಿಯಬಹುದಾದ್ದರಿಂದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು.

ವಿಂಡೋಸ್‌ನಲ್ಲಿ

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಸ್ಟಾರ್ಟ್-ಜಾಬ್’ ಕಾರ್ಯವನ್ನು ಹಿನ್ನೆಲೆಯಲ್ಲಿ ಆರಂಭಿಸುತ್ತದೆ. ‘ಗೆಟ್-ಜಾಬ್’ ಸ್ಥಿತಿಯನ್ನೂ ‘ರಿಸೀವ್-ಜಾಬ್’ ಫಲಿತಾಂಶವನ್ನೂ ಕೊಡುತ್ತವೆ, ‘ಸ್ಟಾಪ್-ಜಾಬ್’ ನಿಲ್ಲಿಸುತ್ತದೆ. ಈ ಕಾರ್ಯಗಳು ಪವರ್‌ಶೆಲ್‌ನ ಕಿಟಕಿ ಮುಚ್ಚಿದಾಗ ಕೊನೆಗೊಳ್ಳುತ್ತವೆ. ಕಿಟಕಿ ಮುಚ್ಚಿದ ಮೇಲೂ ಮುಂದುವರಿಯಬೇಕಾದ ಕೆಲಸಗಳಿಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಬಳಸುತ್ತಾರೆ.

ಇವನ್ನೂ ನೋಡಿ

ಯುನಿಕ್ಸ್
ಲಿನಕ್ಸ್
ಕಾರ್ಯಾಚರಣ ವ್ಯವಸ್ಥೆ
ಎಪಿಗ್ರಾಫಿಯಾ ಕರ್ನಾಟಿಕಾ
ಬಿ.ಎಲ್. ರೈಸ್
ತುರುವೇಕೆರೆ